ಆತ್ಮಜ್ಞಾನಕ್ಕೆ ಜಾಮೀನು ಯಾರು? ಡೆಲ್ಫಿಯ ಮೂರನೆಯ ಸೂತ್ರದ ಮೀಮಾಂಸೆ

1. ಪೀಠಿಕೆ

ಗ್ರೀಸಿನ ಪಾರ್ನಾಸಸ್ ಬೆಟ್ಟದ ಮಗ್ಗುಲಲ್ಲಿ ಡೆಲ್ಫಿ ಎಂಬ ಪುಣ್ಯಕ್ಷೇತ್ರವಿತ್ತು. ಅಲ್ಲಿನ ಅಪೊಲೊ ದೇವಾಲಯದ ಮುಖಮಂಟಪದಲ್ಲಿ ಮೂರು ಸೂತ್ರಗಳನ್ನು ಬರೆಸಿದ್ದರು. ಒಂದು: ನಿನ್ನನ್ನು ನೀನು ಅರಿ. ಎರಡು: ಯಾವುದೂ ಅತಿಯಾಗದಿರಲಿ. ಮೂರು: ಜಾಮೀನು ನಿಂತೆಯೋ, ಕೇಡು ಮಗ್ಗುಲಲ್ಲೇ ಇದೆ.

ಮೊದಲನೆಯದರ ಮೇಲೆ ಬಂದಿರುವ ಭಾಷ್ಯಗಳನ್ನು ಒಂದರ ಮೇಲೊಂದು ಪೇರಿಸಿದರೆ ಪಾರ್ನಾಸಸ್ಸೇ ಗಿಡ್ಡವಾದೀತು. ಎರಡನೆಯದು ಹಬ್ಬದೂಟದ ಮಾರನೆಯ ದಿನ ಎಲ್ಲರಿಗೂ ತಾನಾಗಿ ನೆನಪಾಗುತ್ತದೆ. ಮೂರನೆಯದನ್ನು ಮಾತ್ರ ನಮ್ಮ ಕಾಲದ ವಿದ್ವಾಂಸರು, ಮದುವೆಮನೆಯಲ್ಲಿ ಎದುರಾದ ಸಾಲ ಕೊಟ್ಟವನನ್ನು ದಾಟುವಂತೆ, ಕಂಡೂ ಕಾಣದ ಹಾಗೆ ದಾಟಿಹೋಗಿದ್ದಾರೆ. ಈ ಮಹಾಲೋಪವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ನಮ್ಮ ಪ್ರತಿಜ್ಞೆ ಇಷ್ಟು: ಮೂರನೆಯ ಸೂತ್ರವೇ ಮೂಲ, ಮೊದಲನೆಯದು ಅದರ ಟೀಕೆ.

ಪ್ರಬಂಧಕಾರನ ಅರ್ಹತೆ ಏನು ಎಂಬ ಪ್ರಶ್ನೆ ಏಳಬಹುದು. ನನಗೆ ಗ್ರೀಕ್ ಬಾರದು. ಆದರೆ ಜಾಮೀನು ಬರುತ್ತದೆ. ಭಾವಮೈದುನನ ಕೊಳವೆಬಾವಿ ಸಾಲಕ್ಕೆ ರುಜು ಹಾಕಿದವನು ನಾನು. ಬಾವಿಗೆ ನೀರು ಬರಲಿಲ್ಲ, ಮನೆಗೆ ನೋಟೀಸು ಬಂತು. ಹಿಂದಿನ ವಿದ್ವಾಂಸರಿಗೆ ಈ ವಿಷಯದಲ್ಲಿ ಇದ್ದದ್ದು ಶಬ್ದಪ್ರಮಾಣ ಮಾತ್ರ. ನನ್ನ ಬಳಿ ಇರುವುದು ಪ್ರತ್ಯಕ್ಷ ಪ್ರಮಾಣ, ಅದೂ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದದ್ದು.

ಇಷ್ಟು ಚಿಕ್ಕ ಸೂತ್ರಕ್ಕೆ ಇಷ್ಟುದ್ದದ ಮೀಮಾಂಸೆ ಬೇಕೆ ಎನ್ನುವವರು ಪ್ಲುಟಾರ್ಕನನ್ನು ನೆನೆಯಬೇಕು. ಅದೇ ದೇವಾಲಯದಲ್ಲಿ ‘ಎ’ ಎಂಬ ಒಂಟಿ ಅಕ್ಷರವೂ ಇತ್ತು. ಡೆಲ್ಫಿಯಲ್ಲೇ ಅರ್ಚಕನಾಗಿದ್ದ ಪ್ಲುಟಾರ್ಕ್ ಆ ಒಂದಕ್ಷರದ ಮೇಲೆ ಒಂದು ಇಡೀ ಸಂವಾದವನ್ನೇ ಬರೆದ. ಅದು ಐದು ಎಂಬ ಅಂಕೆ ಎಂದು ಒಬ್ಬ, ‘ಆದರೆ-ಹೋದರೆ’ ಎಂಬಲ್ಲಿನ ‘ರೆ’ ಎಂದು ಇನ್ನೊಬ್ಬ, ದೇವರನ್ನು ಕುರಿತು ‘ನೀನಿದ್ದೀ’ ಎಂಬ ಸಂಬೋಧನೆ ಎಂದು ಮತ್ತೊಬ್ಬ. ಒಂದು ಅಕ್ಷರಕ್ಕೆ ಅಷ್ಟು ಸಲ್ಲುವುದಾದರೆ ಒಂದು ವಾಕ್ಯಕ್ಕೆ ಇಷ್ಟು ಸಲ್ಲಬಾರದೇ?

2. ಕರ್ತೃವಿಚಾರ

ಈ ಸೂತ್ರಗಳು ಸಪ್ತಜ್ಞಾನಿಗಳವು ಎಂಬುದು ಪರಂಪರೆ. ಆ ಏಳು ಮಂದಿ ಯಾರು ಎಂದು ಕೇಳಿದರೆ ಪಟ್ಟಿಗಳು ಕೂಡುವುದಿಲ್ಲ. ಥೇಲೀಸ್, ಸೋಲನ್, ಬಯಾಸ್, ಪಿಟಕಸ್ ಈ ನಾಲ್ವರ ಬಗ್ಗೆ ತಕರಾರಿಲ್ಲ. ಉಳಿದ ಮೂರು ಸೀಟಿಗೆ ಪೈಪೋಟಿ. ಕೆಲವರು ಕೊರಿಂಥದ ಸರ್ವಾಧಿಕಾರಿ ಪೆರಿಯಾಂಡರನನ್ನು ಸೇರಿಸುತ್ತಾರೆ. ಪ್ಲೇಟೊ ಅವನನ್ನು ಎಬ್ಬಿಸಿ ಮೈಸನ್ ಎಂಬ ಹಳ್ಳಿಯವನನ್ನು ಕೂರಿಸುತ್ತಾನೆ.

ಈ ಜ್ಞಾನಿಗಳ ಜ್ಞಾನ ಎಂಥದು ಎಂಬುದಕ್ಕೆ ಒಂದು ಕಥೆಯಿದೆ. ಮೀನುಗಾರರ ಬಲೆಗೆ ಒಂದು ಮುಕ್ಕಾಲಿ ಸಿಕ್ಕಿತಂತೆ. ಅತ್ಯಂತ ವಿವೇಕಿಗೆ ಕೊಡಿ ಎಂದು ಡೆಲ್ಫಿಯ ದೈವವಾಣಿ ಹೇಳಿತು. ಜನ ಅದನ್ನು ಥೇಲೀಸನಿಗೆ ಒಯ್ದರು. ಅವನು ‘ನಾನಲ್ಲ’ ಎಂದು ಇನ್ನೊಬ್ಬನಿಗೆ ಕಳಿಸಿದ, ಅವನು ಮತ್ತೊಬ್ಬನಿಗೆ. ಹೀಗೆ ಊರೂರು ಸುತ್ತಿದ ಮುಕ್ಕಾಲಿ ಕೊನೆಗೆ ಅಪೊಲೊನ ಪಾದಕ್ಕೇ ಬಂದು ಬಿತ್ತು. ಸಾಮಾನ್ಯ ವ್ಯಾಖ್ಯಾನಕಾರರು ಇಲ್ಲಿ ವಿನಯವನ್ನು ಕಾಣುತ್ತಾರೆ. ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ತಿಳಿದೀತು, ಇದು ಫೈಲು. ‘ಅತ್ಯಂತ ವಿವೇಕಿ’ ಎಂಬ ಷರಾದ ಕೆಳಗೆ ರುಜು ಹಾಕಲು ಏಳರಲ್ಲಿ ಒಬ್ಬನೂ ಒಪ್ಪಲಿಲ್ಲ. ಆ ಕಾರಣಕ್ಕೇ ಅವರು ವಿವೇಕಿಗಳು.

ಕಷ್ಟವಾದದ್ದು ಯಾವುದು ಎಂದು ಕೇಳಿದಾಗ ತನ್ನನ್ನು ತಾನು ಅರಿಯುವುದು ಎಂದೂ, ಸುಲಭವಾದದ್ದು ಯಾವುದು ಎಂದಾಗ ಇನ್ನೊಬ್ಬರಿಗೆ ಬುದ್ಧಿ ಹೇಳುವುದು ಎಂದೂ ಥೇಲೀಸ್ ಹೇಳಿದನಂತೆ. ಅವನ ನಡತೆಯೂ ನಮ್ಮ ವಾದಕ್ಕೆ ಒತ್ತಾಸೆ. ಆಲಿವ್ ಫಸಲು ಚೆನ್ನಾಗಿ ಬರುತ್ತದೆಂದು ನಕ್ಷತ್ರ ನೋಡಿ ತಿಳಿದ ಅವನು, ಚಳಿಗಾಲದಲ್ಲೇ ಮಿಲೆಟಸ್ ಮತ್ತು ಕಿಯೋಸಿನ ಗಾಣಗಳಿಗೆಲ್ಲ ಚೂರುಪಾರು ಮುಂಗಡ ಕೊಟ್ಟು ಹಿಡಿದಿಟ್ಟು, ಸುಗ್ಗಿಯಲ್ಲಿ ಲಾಭ ಮಾಡಿದ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಗಮನಿಸಿ: ಮುಂಗಡ ಕೊಟ್ಟ. ಯಾರ ಗಾಣಕ್ಕೂ ಜಾಮೀನು ನಿಲ್ಲಲಿಲ್ಲ.

3. ಪೂರ್ವಪಕ್ಷ

ಮೊದಲ ಆಕ್ಷೇಪ ಪ್ಲೇಟೊನ ‘ಕಾರ್ಮಿಡೀಸ್’ ಸಂವಾದದಿಂದ ಬರುತ್ತದೆ. ಅಲ್ಲಿ ಕ್ರಿಟಿಯಾಸ್ ವಾದಿಸುತ್ತಾನೆ: ‘ನಿನ್ನನ್ನು ನೀನು ಅರಿ’ ಎಂಬುದು ಉಪದೇಶವೇ ಅಲ್ಲ, ಬಾಗಿಲಿಗೆ ಬಂದವನಿಗೆ ದೇವರು ಹೇಳುವ ನಮಸ್ಕಾರ. ಆಮೇಲೆ ಬಂದವರು ಅದನ್ನು ಬುದ್ಧಿಮಾತು ಎಂದು ತಪ್ಪು ತಿಳಿದು, ತಮ್ಮದೂ ಇರಲಿ ಎಂದು ಉಳಿದೆರಡನ್ನು ಬರೆಸಿದರು. ಅಂದರೆ ನಮ್ಮ ಮೂರನೆಯ ಸೂತ್ರ ಬರೀ ಅಪಾರ್ಥದ ಕೂಸು.

ಸಮಾಧಾನ: ಈ ಕ್ರಿಟಿಯಾಸ್ ಯಾರು? ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ಹಿಂಡಿದ ಮೂವತ್ತು ಮಂದಿ ದಬ್ಬಾಳಿಕೆಗಾರರ ಮುಂದಾಳು. ಸಂವಾದದ ಇನ್ನೊಬ್ಬ ಪಾತ್ರ ಕಾರ್ಮಿಡೀಸ್ ಅದೇ ಆಡಳಿತದಲ್ಲಿ ಕೈಜೋಡಿಸಿದವನು. ಆತ್ಮಸಂಯಮ ಎಂದರೇನು ಎಂದು ಇಡೀ ಸಂವಾದದಲ್ಲಿ ಹುಡುಕಿ ಉತ್ತರ ಸಿಗದೆ ಎದ್ದ ಇವರಿಬ್ಬರೂ ಆ ಆಡಳಿತ ಬಂದ ಮರುವರ್ಷ ಒಂದೇ ಕಾಳಗದಲ್ಲಿ ಸತ್ತರು. ದೇವರ ಸೂತ್ರವನ್ನು ಬರೀ ನಮಸ್ಕಾರ ಎಂದುಕೊಂಡು ಪ್ರತಿನಮಸ್ಕಾರ ಮಾಡಿ ಒಳಗೆ ಹೋದವರ ಗತಿ ಇದು.

ಎರಡನೆಯ ಆಕ್ಷೇಪ ನಾಟಕಕಾರ ಮೆನಾಂಡರನದು. ತನ್ನನ್ನು ಅರಿಯುವುದಕ್ಕಿಂತ ಇತರರನ್ನು ಅರಿಯುವುದು ಹೆಚ್ಚು ಉಪಯೋಗಕರ ಎಂದು ಅವನ ಪಾತ್ರವೊಂದು ಹೇಳುತ್ತದೆ. ಇದು ಆಕ್ಷೇಪವೇ ಅಲ್ಲ. ಜಾಮೀನು ನಿಂತು ಕೆಟ್ಟವನ ಅನುಭವವಾಣಿ. ಅವನನ್ನು ನಮ್ಮ ಪಕ್ಷಕ್ಕೇ ಸೇರಿಸಿಕೊಳ್ಳಲಾಗಿದೆ.

ಮೂರನೆಯದು ಶಬ್ದಾರ್ಥದ ತೊಡಕು. ಗ್ರೀಕಿನಲ್ಲಿ ಜಾಮೀನಿಗೂ ನಿಶ್ಚಿತಾರ್ಥಕ್ಕೂ ಒಂದೇ ಪದ: ಎಂಗ್ಯೆ. ಹೀಗಾಗಿ ಈ ಸೂತ್ರ ಓದಿ ಎಷ್ಟೋ ಜನ ಮದುವೆಯಾಗದೆ ಉಳಿದರು, ಎಷ್ಟೋ ಜನ ಯಾರನ್ನೂ ನಂಬದಾದರು, ಕೆಲವರಂತೂ ಮಾತನ್ನೇ ಬಿಟ್ಟರು ಎಂದು ಪ್ಲುಟಾರ್ಕ್ ತನ್ನ ಸಪ್ತಜ್ಞಾನಿಗಳ ಔತಣದ ಕೃತಿಯಲ್ಲಿ ಚೇಷ್ಟೆ ಮಾಡುತ್ತಾನೆ. ಹಾಗಾದರೆ ಸೂತ್ರ ನಿಷೇಧಿಸುವುದು ಸಾಲವನ್ನೋ ಸಂಬಂಧವನ್ನೋ? ಈ ಗಂಟನ್ನು ಈವರೆಗೆ ಬಿಚ್ಚಲಾಗದಿರುವುದಕ್ಕೆ ಕಾರಣ, ವಿದ್ವಾಂಸರು ಎರಡನ್ನೂ ಬೇರೆಬೇರೆ ಎಂದುಕೊಂಡದ್ದು. ನಿಶ್ಚಿತಾರ್ಥವಿಲ್ಲದೆ ಭಾವಮೈದುನನಿಲ್ಲ, ಭಾವಮೈದುನನಿಲ್ಲದೆ ಜಾಮೀನಿಲ್ಲ. ಗ್ರೀಕರು ಕಾರಣಕ್ಕೂ ಕಾರ್ಯಕ್ಕೂ ಒಂದೇ ಹೆಸರಿಟ್ಟು ಪದ ಉಳಿಸಿದರು, ಅಷ್ಟೆ.

4. ಸಾಕ್ರಟೀಸ್ ಪ್ರಕರಣ

ಈಗ ಮುಖ್ಯ ಸಾಕ್ಷ್ಯ. ಕೈರೆಫನ್ ಎಂಬ ಗೆಳೆಯ ಡೆಲ್ಫಿಗೆ ಹೋಗಿ, ಸಾಕ್ರಟೀಸನಿಗಿಂತ ವಿವೇಕಿ ಇದ್ದಾನೆಯೇ ಎಂದು ಕೇಳಿದ. ಯಾರೂ ಇಲ್ಲ ಎಂದು ಉತ್ತರ ಬಂತು. ಸಪ್ತಜ್ಞಾನಿಗಳಾಗಿದ್ದರೆ ಮುಕ್ಕಾಲಿಯನ್ನು ಮುಂದಕ್ಕೆ ತಳ್ಳುತ್ತಿದ್ದರು. ಸಾಕ್ರಟೀಸ್ ದೇವರ ಮಾತಿನ ಪರಿಶೀಲನೆಗೇ ಹೊರಟ. ರಾಜಕಾರಣಿಗಳನ್ನು ಕೇಳಿದ, ಕವಿಗಳನ್ನು ಕೇಳಿದ, ಕುಶಲಕರ್ಮಿಗಳನ್ನು ಕೇಳಿದ. ರಾಜಕಾರಣಿಗೆ ಏನೂ ಗೊತ್ತಿರಲಿಲ್ಲ, ಗೊತ್ತಿದೆ ಎಂದುಕೊಂಡಿದ್ದ. ಕವಿ ಬರೆದದ್ದು ಕವಿಗೇ ತಿಳಿದಿರಲಿಲ್ಲ. ಕರ್ಮಿಗೆ ತನ್ನ ಕಸುಬು ಗೊತ್ತಿತ್ತು, ಆ ಧೈರ್ಯದಲ್ಲಿ ಗೊತ್ತಿಲ್ಲದ್ದಕ್ಕೂ ತಲೆಯಾಡಿಸುತ್ತಿದ್ದ. ಜಾಮೀನುಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಎಲ್ಲರೂ ತಮ್ಮದಲ್ಲದ ಅರಿವಿಗೆ ರುಜು ಹಾಕಿದ್ದರು. ಸಾಕ್ರಟೀಸ್ ಹಾಕಿರಲಿಲ್ಲ. ಅವನ ಹೆಚ್ಚುಗಾರಿಕೆ ಇದ್ದದ್ದು ಇಷ್ಟರಲ್ಲೇ.

ಜೆನೊಫನ್ ಇನ್ನೊಂದು ಘಟನೆ ಕೊಡುತ್ತಾನೆ. ಯೂಥಿಡೀಮಸ್ ಎಂಬ ಹುಡುಗ ಪುಸ್ತಕಗಳನ್ನು ರಾಶಿ ಹಾಕಿಕೊಂಡು ತಾನೇ ಜ್ಞಾನಿ ಎಂದುಕೊಂಡಿದ್ದ. ಡೆಲ್ಫಿಗೆ ಹೋಗಿದ್ದೀಯಾ ಎಂದು ಸಾಕ್ರಟೀಸ್ ಕೇಳಿದ. ಎರಡು ಸಲ ಹೋಗಿದ್ದೇನೆ ಎಂದ ಹುಡುಗ. ಬರಹ ನೋಡಿದೆಯಾ? ನೋಡಿದೆ, ಆದರೆ ನನ್ನನ್ನು ನಾನು ಅರಿತೇ ಇದ್ದೇನಲ್ಲ ಎಂದು ಅದರ ಗೋಜಿಗೆ ಹೋಗಲಿಲ್ಲ. ಆಗ ಸಾಕ್ರಟೀಸ್ ಕುದುರೆ ಕೊಳ್ಳುವವರ ಮಾತೆತ್ತಿದ: ಹೆಸರು ಗೊತ್ತಾದ ಮಾತ್ರಕ್ಕೆ ಕುದುರೆ ಗೊತ್ತಾದಂತಲ್ಲ, ಪಳಗಿದ್ದೋ ತುಂಟೋ, ಗಟ್ಟಿಯೋ ಬಡಕಲೋ, ಓಟ ಹೇಗೆ ಎಂದೆಲ್ಲ ನೋಡುತ್ತಾರೆ. ಮನುಷ್ಯ ತನ್ನ ಸುಳಿಗಳನ್ನು ತಾನೇ ಹಾಗೆ ನೋಡಿಕೊಂಡಿದ್ದಾನೆಯೇ? ನಮ್ಮ ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ. ಸಾಲಪತ್ರದ ಮುಂದೆ ಕೂತ ನಾನು ನನ್ನ ಹಲ್ಲನ್ನೂ ಎಣಿಸಲಿಲ್ಲ, ಭಾವಮೈದುನನ ಸುಳಿಯನ್ನೂ ನೋಡಲಿಲ್ಲ.

ಸಾಕ್ರಟೀಸನಾದರೋ ತನ್ನ ಬಗ್ಗೆಯೇ ಖಾತ್ರಿ ಕೊಡಲು ಒಪ್ಪದವನು. ಡೆಲ್ಫಿಯ ಬರಹ ಹೇಳುವಂತೆ ತನ್ನನ್ನು ಅರಿಯುವುದೇ ಇನ್ನೂ ಆಗಿಲ್ಲ, ತಾನು ಟೈಫನ್ ಎಂಬ ರಾಕ್ಷಸನಿಗಿಂತ ಸಿಕ್ಕುಸಿಕ್ಕಾದ ಮೃಗವೋ ಸಾಧುಪ್ರಾಣಿಯೋ ತಿಳಿಯದು, ಹೀಗಿರುವಾಗ ಪುರಾಣಗಳ ಅರ್ಥ ಬಿಡಿಸಲು ಪುರುಸೊತ್ತೆಲ್ಲಿ ಎಂದು ‘ಫೀಡ್ರಸ್’ನಲ್ಲಿ ಕೇಳುತ್ತಾನೆ.

ಇಂಥವನಿಗೆ ಕೇಡು ಬಂದದ್ದು ಹೇಗೆ? ಕ್ರಿ.ಪೂ. 399ರ ವಿಚಾರಣೆಯ ದಾಖಲೆ ನೋಡೋಣ. ಅಪರಾಧಿ ಎಂದು ತೀರ್ಮಾನವಾದ ಮೇಲೆ ಶಿಕ್ಷೆಯನ್ನು ತಾನೇ ಸೂಚಿಸಬೇಕಿತ್ತು. ತಾನು ಮಾಡಿದ ಸೇವೆಗೆ ಸರ್ಕಾರಿ ಖರ್ಚಿನಲ್ಲಿ ಊಟ ಹಾಕಿಸಿ ಎಂದ. ಆಮೇಲೆ ಒಂದು ಮಿನಾ ದಂಡ ಕೊಡುತ್ತೇನೆ ಎಂದ. ಕೊನೆಗೆ ಗೆಳೆಯರ ಒತ್ತಾಯಕ್ಕೆ 30 ಮಿನಾ ಎಂದ. ಜಾಮೀನುದಾರರು: ಪ್ಲೇಟೊ, ಕ್ರಿಟೊ, ಕ್ರಿಟೊಬ್ಯುಲಸ್, ಅಪೊಲೊಡೋರಸ್. 30 ಮಿನಾ ಎಂದರೆ 3000 ಡ್ರಾಕ್ಮಾ. ದಿನಕ್ಕೆ ಒಂದು ಡ್ರಾಕ್ಮಾ ದುಡಿಯುವ ಕಸುಬುದಾರನ ಎಂಟು ವರ್ಷ ಮಿಕ್ಕಿದ ಕೂಲಿ. ಜಾಮೀನುದಾರರ ಹೆಸರು ಓದಿದ್ದೇ ತಡ, ಮರಣದಂಡನೆಗೆ ಮೊದಲಿಗಿಂತ 80 ಮತ ಹೆಚ್ಚು ಬಿದ್ದವು ಎಂದು ಡಯೋಜಿನೀಸ್ ಲೇರ್ಷಿಯಸ್ ಲೆಕ್ಕ ಕೊಡುತ್ತಾನೆ. ಆ ಮತಗಳು ಜಾಮೀನಿಗಲ್ಲ, ಬಿಟ್ಟಿ ಊಟ ಕೇಳಿದ್ದಕ್ಕೆ ಬಿದ್ದವು ಎಂಬ ಆಕ್ಷೇಪವನ್ನು ಜಾಗದ ಅಭಾವದಿಂದ ಚರ್ಚಿಸುತ್ತಿಲ್ಲ.

ಪ್ರಕರಣ ಇಲ್ಲಿಗೆ ಮುಗಿಯಲಿಲ್ಲ. ಸಾಯುವ ದಿನ, ನಿನ್ನನ್ನು ಹೇಗೆ ಮಣ್ಣು ಮಾಡೋಣ ಎಂದು ಕ್ರಿಟೊ ಕೇಳಿದ. ಸಾಕ್ರಟೀಸ್ ನಕ್ಕು, ನಾನು ಕೈಗೆ ಸಿಕ್ಕಿದರೆ ಹೇಗಾದರೂ ಮಾಡಿ ಎಂದ. ಉಳಿದವರ ಕಡೆ ತಿರುಗಿ, ಇವನು ನ್ಯಾಯಾಧೀಶರ ಮುಂದೆ ನಾನು ಓಡಿಹೋಗುವುದಿಲ್ಲ ಎಂದು ಜಾಮೀನು ನಿಂತಿದ್ದ. ಈಗ ನೀವು ಇವನಿಗೆ ತದ್ವಿರುದ್ಧ ಜಾಮೀನು ನಿಲ್ಲಿ, ಸತ್ತ ಮೇಲೆ ನಾನು ಇಲ್ಲಿರುವುದಿಲ್ಲ ಎಂದು, ಎಂದ. ಅಂದರೆ ಜಾಮೀನುದಾರನಿಗೇ ಜಾಮೀನು! ವಿಷ ಕಾಲಿನಿಂದ ಮೇಲೇರಿ ಬಂದಾಗ ಕೊನೆಯದಾಗಿ ಆಡಿದ ಮಾತು, ಅಸ್ಕ್ಲೀಪಿಯಸ್ ದೇವರಿಗೆ ನಾವು ಒಂದು ಹುಂಜ ಬಾಕಿ ಇದ್ದೇವೆ, ತೀರಿಸಲು ಮರೆಯಬೇಡಿ ಎಂಬರ್ಥದ್ದು; ಅದೂ ಕ್ರಿಟೊನ ಹೆಸರು ಹಿಡಿದೇ. ಅಸ್ಕ್ಲೀಪಿಯಸ್ ವೈದ್ಯದೇವತೆ, ಬದುಕೇ ರೋಗ, ಸಾವೇ ಗುಣ ಎಂದೆಲ್ಲ ಈ ಹುಂಜವನ್ನು ತತ್ತ್ವಜ್ಞಾನಿಗಳು ಪುಕ್ಕ ಪುಕ್ಕವಾಗಿ ಬಿಡಿಸಿದ್ದಾರೆ. ಆದರೆ ವ್ಯಾಕರಣ ಸರಳ: ‘ನಾನು ಬಾಕಿ’ ಎನ್ನಲಿಲ್ಲ, ‘ನಾವು ಬಾಕಿ’ ಎಂದ. ಜಾಮೀನುಪತ್ರದಲ್ಲಿ ಸಾಲಗಾರ ಹೋದ ಮೇಲೆ ಉಳಿಯುವ ಬಹುವಚನ ಅದು.

5. ಕಣ್ಣಿನ ಪಾಪೆ

ಕೊನೆಯ ತೊಡಕು ಪ್ಲೇಟೊನ ಹೆಸರಲ್ಲಿರುವ ‘ಆಲ್ಕಿಬಯಾಡೀಸ್’ ಸಂವಾದದ್ದು. ಕಣ್ಣು ತನ್ನನ್ನು ತಾನು ನೋಡಲಾರದು. ಇನ್ನೊಂದು ಕಣ್ಣಿನ ಪಾಪೆಯಲ್ಲಿ ನೋಡಬೇಕು. ಹಾಗೆಯೇ ಆತ್ಮ ತನ್ನನ್ನು ಅರಿಯಲು ಇನ್ನೊಂದು ಆತ್ಮವನ್ನು ನೋಡಬೇಕು. ಪಾಪೆಗೆ ಗ್ರೀಕಿನಲ್ಲಿ ‘ಕೋರೆ’ ಎನ್ನುತ್ತಾರೆ, ಹುಡುಗಿ, ಬೊಂಬೆ ಎಂದರ್ಥ. ನಮ್ಮಲ್ಲೂ ಪಾಪೆ ಎಂದರೆ ಬೊಂಬೆ. ಎದುರಿನವರ ಕಣ್ಣಲ್ಲಿ ಕಾಣುವ ಪುಟ್ಟ ಆಕೃತಿ ನಾವೇ ಎಂಬುದನ್ನು ಎರಡು ಭಾಷೆಗಳೂ ತಮ್ಮಷ್ಟಕ್ಕೆ ಕಂಡುಕೊಂಡಿವೆ.

ಇದರಿಂದ ಇನ್ನೊಬ್ಬರನ್ನು ನೆಚ್ಚದೆ ಆತ್ಮಜ್ಞಾನವಿಲ್ಲ ಎಂದಾಗಿ ನಮ್ಮ ವಾದ ಬೀಳುತ್ತದೆಯೇ? ಪ್ರಯೋಗ ಮಾಡಿ ನೋಡಿದೆ. ಸಾಲಪತ್ರ ಚಾಚಿದ ದಿನ ಭಾವಮೈದುನನ ಕಣ್ಣನ್ನು ನೋಡಿದ್ದೆ. ಅಲ್ಲಿ ಒಂದು ಪುಟ್ಟ ಬೊಂಬೆ ಪೆನ್ನು ಹಿಡಿದು ಕೂತಿತ್ತು. ಪ್ಲೇಟೊ ಹೇಳಿದ್ದು ಸರಿ. ನೋಡಿದ್ದು ನಾನೇ ಎಂದು ತಿಳಿಯಲು ಮಾತ್ರ ಮೂರು ವರ್ಷ ಹಿಡಿಯಿತು.

6. ಸಿದ್ಧಾಂತ

ಪಿರ್ರೊನ ಅನುಯಾಯಿಗಳಾದ ಸಂದೇಹವಾದಿಗಳು ಮೂರನೆಯ ಸೂತ್ರವನ್ನು ತಮ್ಮದೆನ್ನುತ್ತಿದ್ದರು. ಅವರ ಅರ್ಥ: ಯಾವ ಮಾತಿಗಾದರೂ ಗಟ್ಟಿಯಾಗಿ ಹೊಣೆ ನಿಂತು ‘ಇದು ಹೀಗೆಯೇ’ ಎಂದವನ ಬೆನ್ನಿಗೆ ಕೇಡು ಹತ್ತುತ್ತದೆ. ಇಲ್ಲಿಗೆ ನಮ್ಮ ಪ್ರತಿಜ್ಞೆ ಸಿದ್ಧಿಸಿತು. ಸಾಕ್ರಟೀಸ್ ಊರೆಲ್ಲ ಅಲೆದು ಮಾಡಿದ್ದು ಸಾಲಪತ್ರಗಳ ತಪಾಸಣೆ. ಯಾರು ಯಾವ ಅರಿವಿಗೆ, ಯಾವ ಆಧಾರವಿಲ್ಲದೆ ರುಜು ಹಾಕಿದ್ದಾರೆ ಎಂದು. ತನ್ನನ್ನು ಅರಿಯುವುದು ಎಂದರೆ ತನ್ನ ರುಜುವಿಗೆ ಎಷ್ಟು ಬೆಲೆ ಎಂದು ಅರಿಯುವುದು. ಮೊದಲ ಸೂತ್ರ ಇದನ್ನು ತತ್ತ್ವದ ಮಾತಿನಲ್ಲಿ ಹೇಳಿತು, ಮೂರನೆಯದು ಮನೆಮಾತಿನಲ್ಲಿ ಹೇಳಿತು. ಮನೆಮಾತು ಯಾವಾಗಲೂ ಹಳೆಯದು. ಆದ್ದರಿಂದ ಮೂರನೆಯದೇ ಮೂಲ.

ಒಂದು ತಾಂತ್ರಿಕ ಅಡ್ಡಿ ಉಳಿದಿದೆ. ಪ್ರಬಂಧದ ಮೊದಲ ಪುಟದಲ್ಲಿ ‘ಇಲ್ಲಿರುವುದೆಲ್ಲ ನನ್ನ ಸ್ವಂತ ಶೋಧನೆ, ನನ್ನ ಅರಿವಿನ ಮಟ್ಟಿಗೆ ಸತ್ಯ’ ಎಂಬ ಘೋಷಣಾಪತ್ರ ಲಗತ್ತಿಸಿ ರುಜು ಹಾಕಬೇಕು. ಮೇಲಿನ ಸಿದ್ಧಾಂತದ ಪ್ರಕಾರ ನಾನು ಹಾಕುವಂತಿಲ್ಲ. ಹಾಕಿದರೆ ಸಿದ್ಧಾಂತ ಸುಳ್ಳು, ಹಾಕದಿದ್ದರೆ ಪ್ರಬಂಧ ಅನೂರ್ಜಿತ. ಎರಡು ವಾರ ಯೋಚಿಸಿ ಭಾವಮೈದುನನನ್ನು ಕೇಳಿದೆ. ಅವನು ಮರುಮಾತಿಲ್ಲದೆ ಸಾಕ್ಷಿಯ ಜಾಗದಲ್ಲಿ ರುಜು ಹಾಕಿಕೊಟ್ಟ. ಪ್ರಬಂಧವನ್ನು ಅವನು ಓದಿಲ್ಲ. ಅವನ ಸಾಲಪತ್ರವನ್ನು ನಾನೂ ಓದಿರಲಿಲ್ಲ.