ಕಂದುಕದಂಡವಿವೇಕ

ಋಣಾದಾನದಿಂದ ಮೊದಲ್ಗೊಂಡು ದ್ಯೂತದವರೆಗೆ ಹದಿನೆಂಟು ವಿವಾದಪದಗಳನ್ನು ಎಣಿಸಿಟ್ಟು, ಎಮ್ಮೆ ಹೊಲಕ್ಕೆ ನುಗ್ಗಿದರೆ ಏನು, ಗಡಿಯ ಮರ ಉರುಳಿದರೆ ಏನು ಎಂಬುದನ್ನೆಲ್ಲ ಚರ್ಚಿಸಿದ ನಮ್ಮ ಸ್ಮೃತಿಕಾರರು, ಇಪ್ಪತ್ತೆರಡು ಮಂದಿ ಪ್ರಾಪ್ತವಯಸ್ಕರು ಒಂದೇ ಚೆಂಡಿನ ನಿಮಿತ್ತ ತೊಂಬತ್ತು ನಿಮಿಷ ಸೆಣಸಿ ಒಬ್ಬರನ್ನೊಬ್ಬರು ಒದೆದು, ಕಚ್ಚಿ, ತಲೆಯಿಂದ ಗುದ್ದಿದಲ್ಲಿ ಅಂಥವರನ್ನು ಎಷ್ಟು ಪಂದ್ಯಗಳ ಕಾಲ ಹೊರಗಿಡತಕ್ಕದ್ದೆಂಬ ಹತ್ತೊಂಬತ್ತನೆಯ ವಿವಾದಪದವನ್ನು ಹೇಳದೆಯೇ ಬಿಟ್ಟುಹೋಗಿರುವುದು ವಿದ್ವಲ್ಲೋಕಕ್ಕೆ ತುಂಬಲಾರದ ನಷ್ಟವಾಗಿದೆ. ನಮ್ಮ ಕಲ್ಯಾಣದಲ್ಲೇ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನೂ ಅಣ್ಣತಮ್ಮಂದಿರ ಪಾಲುಪಾರಿಕತ್ತಿನ ವಿಷಯದಲ್ಲಿ ಎಷ್ಟು ಉದಾರನೋ ಕೆಂಪು ಕಾರ್ಡಿನ ವಿಷಯದಲ್ಲಿ ಅಷ್ಟೇ ಮೌನಿ. ಈ ಲೋಪವನ್ನು ಪರಿಹರಿಸುವುದೇ ಪ್ರಕೃತ ಗ್ರಂಥದ ಪ್ರಯೋಜನ.

ಮೊದಲು ಅಧಿಕಾರನಿರ್ಣಯ. ದೊಡ್ಡಬಳ್ಳಾಪುರದಲ್ಲಿ ಕುಳಿತವನಿಗೆ ಕಂಠೀರವ ಕ್ರೀಡಾಂಗಣದ ವ್ಯಾಜ್ಯದಲ್ಲಿ ತೀರ್ಪು ಕೊಡುವ ಹಕ್ಕು ಎಲ್ಲಿಂದ ಬಂತೆಂದು ರಾಜಧಾನಿಯ ಪಂಡಿತರು ಕೇಳಬಹುದು. ಉತ್ತರ ಸುಲಭ: ಆ ಕ್ರೀಡಾಂಗಣಕ್ಕೆ ವಿಮಾನದಲ್ಲಿ ಬರುವ ಯಾವ ಆಟಗಾರನೇ ಆಗಲಿ, ಅವನು ಕಾಲೂರುವ ಮೊದಲ ನೆಲ ನಮ್ಮ ಜಿಲ್ಲೆಯದೇ ಆದ ದೇವನಹಳ್ಳಿ ತಾಲ್ಲೂಕಿನದು, ಪಾಪಿಯ ಪಾದವು ಮೊದಲು ಸೋಕಿದ ನೆಲಕ್ಕೆ ವಿಚಾರಣೆಯ ಹಕ್ಕಿದೆಯೆಂಬ ಸಿದ್ಧಾಂತವನ್ನು ಇದುವರೆಗೂ ಯಾರೂ ಖಂಡಿಸಿಲ್ಲ, ಏಕೆಂದರೆ ಇದುವರೆಗೂ ಯಾರೂ ಮಂಡಿಸಿರಲಿಲ್ಲ.

ಇನ್ನು ವಿಷಯ. 2023ರ ಮಾರ್ಚ್ 3ರಂದು ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿಯೂ ಕೇರಳ ಬ್ಲಾಸ್ಟರ್ಸೂ ಕಂಠೀರವದಲ್ಲಿ ಎದುರುಬದುರಾಗಿ, ನಿಗದಿತ ಕಾಲವೆಲ್ಲ ಗೋಲಿಲ್ಲದೆ ಕಳೆದು, ಅಧಿಕಾವಧಿಯು ಆರಂಭವಾಗಿ ಇನ್ನೂ ಹೆಚ್ಚು ಹೊತ್ತಾಗದಿರುವಾಗ ಬೆಂಗಳೂರಿಗೊಂದು ಫ್ರೀ ಕಿಕ್ ದೊರೆಯಲು, ಕೇರಳದವರು ಗೋಡೆ ಕಟ್ಟಿ ಮುಗಿಸುವ ಮೊದಲೇ ಸುನಿಲ್ ಛೇತ್ರಿಯವರು ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು. ಶಿಳ್ಳೆಯೂ ಬೇಡ, ಗೋಡೆಯೂ ಬೇಡ ಎಂದು ತಾವು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಛೇತ್ರಿಯವರು ಹೇಳಿದರು. ಶಿಳ್ಳೆಯಿಲ್ಲದ ಗೋಲು ಗೋಲೇ ಅಲ್ಲವೆಂದು ಕೇರಳದವರು ವಾದಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲೆಂದೇ ಸಾರಿದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಕ್ಕೆ ಕರೆದರು. ಅವರು ಹೋದರು, ಮರಳಿ ಬರಲಿಲ್ಲ. ತಿಂಗಳ ಕೊನೆಗೆ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿಯು ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡವನ್ನೂ, ಕೋಚಿಗೆ 10 ಪಂದ್ಯಗಳ ನಿಷೇಧದೊಡನೆ 5 ಲಕ್ಷ ದಂಡವನ್ನೂ ವಿಧಿಸಿ, ಬಹಿರಂಗವಾಗಿ ಕ್ಷಮೆ ಕೇಳದಿದ್ದಲ್ಲಿ ಈ ಮೊತ್ತಗಳು 6 ಕೋಟಿಗೂ 10 ಲಕ್ಷಕ್ಕೂ ಏರತಕ್ಕದ್ದೆಂದು ಸೇರಿಸಿತು. ಕ್ಷಮೆಗೆ 2 ಕೋಟಿಯ ಬೆಲೆ ಕಟ್ಟಿದ ಈ ವಾಕ್ಯವನ್ನು ನಮ್ಮ ಪ್ರಾಯಶ್ಚಿತ್ತಕಾಂಡದ ವ್ಯಾಖ್ಯಾನಕಾರರು ಓದಿದ್ದರೆ ಹೊಟ್ಟೆಕಿಚ್ಚುಪಡುತ್ತಿದ್ದರು.

ಇಲ್ಲಿ ಸಂಶಯವೇನೆಂದರೆ, ಹೊರಕ್ಕೆ ನಡೆದವು ಆಟಗಾರರ ಕಾಲುಗಳು. ಅಮಾನತಾದದ್ದು ಕೋಚಿನ ಬಾಯಿ. ಧರ್ಮಶಾಸ್ತ್ರದ ಪ್ರಕಾರ ಪಾಪದಲ್ಲಿ ಕರ್ತನಿಗೊಂದು ಭಾಗ, ಪ್ರೇರಿಸಿದವನಿಗೊಂದು ಭಾಗ, ತಲೆಯಾಡಿಸಿ ಅನುಮತಿಸಿದವನಿಗೊಂದು ಭಾಗ. ಫೆಡರೇಷನ್ ಪ್ರೇರಕನನ್ನು ಹಿಡಿದು ಕರ್ತೃಗಳನ್ನು ಬಿಟ್ಟಿತು. ಪೂರ್ವಪಕ್ಷಿಯಾಗಿ ಇದನ್ನು ಸಮರ್ಥಿಸಿದವರು ನಮ್ಮೂರಿನ ಮಗ್ಗದ ಮಾಲೀಕರೊಬ್ಬರು. “ಸ್ವಾಮಿ, ಘಾಟಿ ದನದ ಜಾತ್ರೇಲಿ ಎತ್ತು ತಿವಿದ್ರೆ ದಂಡ ಕಟ್ಟೋನು ಹಗ್ಗ ಹಿಡಿದೋನೇ ಹೊರತು ಎತ್ತಲ್ಲ” ಎಂದರು. ಘನವಾದ ವಾದ. ಆದರೆ ಎತ್ತು ಕರಾರುಪತ್ರಕ್ಕೆ ರುಜು ಹಾಕುವುದಿಲ್ಲ, ತಿಂಗಳ ಸಂಬಳ ಎಣಿಸಿಕೊಳ್ಳುವುದಿಲ್ಲ, ಬೇರೆ ಕೊಟ್ಟಿಗೆಯವರು ಹೆಚ್ಚು ಹುಲ್ಲು ಕೊಡುತ್ತಾರೆಂದು ಏಜೆಂಟನಿಂದ ಹೇಳಿಕಳಿಸುವುದೂ ಇಲ್ಲ. ವೃತ್ತಿನಿರತ ಆಟಗಾರನು ವೇತನಕ್ಕೆ ಮನುಷ್ಯನಾಗಿಯೂ ಶಿಕ್ಷೆಗೆ ಎತ್ತಾಗಿಯೂ ಇರಲು ಬರುವುದಿಲ್ಲವೆಂದು ನಾನು ಹೇಳಲು, ಅವರು ಕಾಫಿ ತರಿಸಿದರು. ಇದನ್ನು ವಾದದಲ್ಲಿ ನಿಗ್ರಹಸ್ಥಾನವೆಂದು ಪರಿಗಣಿಸತಕ್ಕದ್ದು.

ದಂಡದ ಜಾತಿಗಳು ಮನುವಿನ ಮತದಲ್ಲಿ ನಾಲ್ಕು: ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡ. ಹಳದಿ ಕಾರ್ಡು ವಾಗ್ದಂಡ, ಕೆಂಪು ಕಾರ್ಡು ಧಿಗ್ದಂಡ, ಜುಲ್ಮಾನೆ ಧನದಂಡ. ನಾಲ್ಕನೆಯದಕ್ಕೆ ಫೆಡರೇಷನ್ನುಗಳಿಗೆ ಸದ್ಯಕ್ಕೆ ಅಧಿಕಾರವಿಲ್ಲವಾದ ಕಾರಣ ಅದರ ಸ್ಥಾನದಲ್ಲಿ ಅಮಾನತನ್ನು ಆದೇಶಿಸಿಕೊಂಡಿದ್ದಾರೆ. ಹಳದಿ-ಕೆಂಪುಗಳ ಕಲ್ಪನೆಯು ಇಂಗ್ಲೆಂಡಿನ ರೆಫರಿ ಕೆನ್ ಆಸ್ಟನ್ ಎಂಬವರಿಗೆ 1966ರಲ್ಲಿ ರಸ್ತೆಯ ಸಂಚಾರದೀಪದ ಮುಂದೆ ಹೊಳೆಯಿತಂತೆ. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಬಳಕೆಗೆ ಬಂದಿತು. ಸಂಜೆಯ ಹೊತ್ತು ನೆಲಮಂಗಲದ ದಾರಿಯಲ್ಲಿ ಕೆಂಪು ದೀಪವನ್ನು ನೋಡುತ್ತ ನಿಂತವರು ಅಸಂಖ್ಯ ಮಂದಿ. ಅವರಲ್ಲಿ ಒಬ್ಬರಿಗೂ ಇದುವರೆಗೆ ಏನೂ ಹೊಳೆದಿಲ್ಲ.

ಅಮಾನತಿನ ಪ್ರಮಾಣಕ್ಕೆ ಆಧಾರವೇನು? ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಬೆಳಕಿಗೆ ತಂದ ಅರ್ಥಶಾಸ್ತ್ರದಲ್ಲಿ ದಂಡಪಾರುಷ್ಯದ ಲೆಕ್ಕ ಬಹು ಸ್ಪಷ್ಟ: ನಾಭಿಯ ಕೆಳಗೆ ಕೈ, ಕೆಸರು, ಬೂದಿ, ಧೂಳುಗಳಿಂದ ಸೋಕಿಸಿದರೆ ಮೂರು ಪಣ, ನಾಭಿಯ ಮೇಲೆ ಇಮ್ಮಡಿ, ತಲೆಗೆ ನಾಲ್ಮಡಿ. ಕಾಲ್ಚೆಂಡಿನವರಲ್ಲಿ ಇಂಥ ಅಂಗವಿಭಾಗವಿಲ್ಲ. ಉರುಗ್ವೆಯ ಲೂಯಿಸ್ ಸುವಾರೆಜ್ ಮೂವರನ್ನು ಕಚ್ಚಿದ ಮಹಾನುಭಾವ: 2010ರಲ್ಲಿ ಬಕ್ಕಾಲ್‌ಗಾಗಿ 7 ಪಂದ್ಯ, 2013ರಲ್ಲಿ ಇವಾನೊವಿಚ್‌ಗಾಗಿ 10 ಪಂದ್ಯ, 2014ರ ವಿಶ್ವಕಪ್ಪಿನಲ್ಲಿ ಕಿಯೆಲ್ಲಿನಿಗಾಗಿ 9 ಅಂತರರಾಷ್ಟ್ರೀಯ ಪಂದ್ಯಗಳೊಡನೆ ನಾಲ್ಕು ತಿಂಗಳು. ಹಲ್ಲು ಅದೇ, ಬಾಯಿ ಅದೇ. ದರ ಮಾತ್ರ ಸಂತೆಯ ಟೊಮೇಟೊ. 2006ರ ವಿಶ್ವಕಪ್ಪಿನ ಬರ್ಲಿನ್ ಫೈನಲ್ಲಿನಲ್ಲಿ ಮಾತರಾಜ್ಜಿಯ ಎದೆಗೆ ತಲೆಯಿಂದ ಗುದ್ದಿದ ಜಿದಾನ್‌ಗೆ 3 ಪಂದ್ಯ, ಮಾತಿನಿಂದ ಕೆಣಕಿದ ಮಾತರಾಜ್ಜಿಗೆ 2. ಅಲ್ಲಿಗೆ ವಾಕ್ಪಾರುಷ್ಯಕ್ಕೂ ದಂಡಪಾರುಷ್ಯಕ್ಕೂ ಇರುವ ಅನುಪಾತ ಎರಡಕ್ಕೆ ಮೂರೆಂದು ಸಿದ್ಧವಾಯಿತು. ಜಿದಾನ್ ಆ ಪಂದ್ಯದೊಂದಿಗೇ ನಿವೃತ್ತರಾಗಿದ್ದುದರಿಂದ, ಆಡದವನನ್ನು ಆಡಬೇಡವೆನ್ನುವುದು ಹೇಗೆಂಬ ತರ್ಕಸಂಕಟದಲ್ಲಿ ಫಿಫಾ ಮೂರು ದಿನದ ಸಮಾಜಸೇವೆಯ ಮೊರೆಹೊಕ್ಕಿತು.

ಇದಕ್ಕಿಂತಲೂ ಘೋರವಾದ ದೋಷವನ್ನು ದಾರ್ಶನಿಕರು ಕೃತನಾಶ, ಅಕೃತಾಭ್ಯಾಗಮ ಎಂದು ಕರೆದರು. ಅಂದರೆ ಮಾಡಿದವನಿಗೆ ಫಲ ತಪ್ಪುವುದು, ಮಾಡದವನ ಮೇಲೆ ಅದು ಬಂದೆರಗುವುದು. ಕೃತನಾಶಕ್ಕೆ ನಿದರ್ಶನ 1962ರ ವಿಶ್ವಕಪ್ಪಿನ ಬ್ರೆಜಿಲ್ ಆಟಗಾರ ಗರಿಂಚಾ: ಸೆಮಿಫೈನಲ್ಲಿನಲ್ಲಿ ಚಿಲಿಯೆದುರು ಹೊರಹಾಕಲ್ಪಟ್ಟವರು ಫೈನಲ್ಲಿನಲ್ಲಿ ಹಾಯಾಗಿ ಆಡಿದರು. ಎರಡೂ ದೋಷಗಳು ಒಂದೇ ಕಡೆ ಕಾಣಬೇಕೆಂಬವರು 2025ರ ನವೆಂಬರನ್ನು ನೋಡಬಹುದು. ಡಬ್ಲಿನ್ನಿನಲ್ಲಿ ಐರ್ಲೆಂಡಿನ ಆಟಗಾರನಿಗೆ ಮೊಣಕೈ ತಾಗಿಸಿ ಕ್ರಿಸ್ಟಿಯಾನೊ ರೊನಾಲ್ಡೊ ಕೆಂಪು ಕಾರ್ಡು ಪಡೆದರು. ಫಿಫಾ 3 ಪಂದ್ಯಗಳ ನಿಷೇಧ ವಿಧಿಸಿ, ಅದರಲ್ಲಿ ಎರಡನ್ನು ಒಂದು ವರ್ಷದ ಸನ್ನಡತೆಯ ಷರತ್ತಿನ ಮೇಲೆ ತಡೆಹಿಡಿಯಿತು. ಅನುಭವಿಸಿದ ಒಂದು ಪಂದ್ಯವಾದರೂ ಆರ್ಮೇನಿಯದ ಮೇಲೆ. ಅದನ್ನು ಪೋರ್ಚುಗಲ್ ಅವರಿಲ್ಲದೆಯೇ 9-1ರಿಂದ ಗೆದ್ದಿತು. ಮೊಣಕೈ ತಿಂದದ್ದು ಐರ್ಲೆಂಡು, ಒಂಬತ್ತು ಗೋಲು ತಿಂದದ್ದು ಆರ್ಮೇನಿಯ. ಶಿಕ್ಷೆ ಯಾರಿಗಾಯಿತೆಂದು ಹೇಳಬಲ್ಲ ನೈಯಾಯಿಕನು ಹೊಸಕೋಟೆಯಿಂದ ಹೇಗ್‌ವರೆಗೆ ಹುಡುಕಿದರೂ ಸಿಕ್ಕನು.

ಆದಕಾರಣ ಸಿದ್ಧಾಂತ. ಕೇರಳದ ಕೋಚಿನ ನಿಷೇಧವನ್ನು ಫೆಡರೇಷನ್ನಿನ ಮೇಲ್ಮನವಿ ಸಮಿತಿಯು ಎತ್ತಿಹಿಡಿದದ್ದನ್ನು ಈ ಪೀಠವೂ ಎತ್ತಿಹಿಡಿಯುತ್ತದೆ. ಹೊರನಡೆದ ಆಟಗಾರರಿಗೆ ತಲಾ ಒಂದು ಪಂದ್ಯದ ಅಮಾನತು ಸಲ್ಲತಕ್ಕದ್ದಾಗಿತ್ತು, ಅದೂ ಬೆಂಗಳೂರಿನೆದುರಿಗೇ. ಅನ್ಯಾಯಕ್ಕೊಳಗಾದ ತಂಡದ ಮುಂದಲ್ಲದೆ ಬೇರೆಲ್ಲೋ ಅನುಭವಿಸುವ ಅಮಾನತು ಮೂರನೆಯವನಿಗೆ ಬಿಟ್ಟಿ ದಾನ. ಹಾಗಾದರೆ ಪೋರ್ಚುಗಲ್ಲೂ ಐರ್ಲೆಂಡೂ ಹತ್ತು ವರ್ಷ ಎದುರಾಗದಿದ್ದರೆ, ಅಷ್ಟರಲ್ಲಿ ರೊನಾಲ್ಡೊ ಐವತ್ತು ದಾಟಿದರೆ ಎಂದು ಆಕ್ಷೇಪಿಸಬಾರದು; ನಿವೃತ್ತಿಯು ಶಿಕ್ಷೆಗೆ ಅಡ್ಡಿಯಲ್ಲವೆಂಬುದು ಜಿದಾನ್ ಪ್ರಕರಣದಲ್ಲೇ ಸ್ಥಿರಪಟ್ಟಿದೆ. ಫೆಡರೇಷನ್ನಿನ ಮಹನೀಯರು ನಿಯಮಾವಳಿಯನ್ನು ಮುಂದೆ ಯಾವಾಗ ತಿದ್ದಿದರೂ, ಅಮಾನತಿನ ಕಲಮಿನಲ್ಲಿ “ಪೆಟ್ಟು ತಿಂದ ತಂಡದೆದುರಿಗೆ” ಎಂಬ ಮೂರು ಪದಗಳನ್ನು ದಯಮಾಡಿ ಸೇರಿಸಿಕೊಳ್ಳಬೇಕೆಂದು ಪ್ರಾರ್ಥನೆ.