ದಾಖಲಾತಿ ವಹಿಯೊಡನೆ ಒಂದು ಸಂದರ್ಶನ

ಹೊನ್ನಾಳಿ ಸೀಮೆಯ ಹಳೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಕಬ್ಬಿಣದ ಬೀರುವಿನಲ್ಲಿ, ಅಂಚುಗಳನ್ನು ಗೆದ್ದಲಿಗೆ ದಾನಮಾಡಿ, ಉಳಿದ ಮೈಯನ್ನು ಕೆಂಪು ಬಟ್ಟೆಯ ಬೆನ್ನುಪಟ್ಟಿಯೊಂದರಿಂದ ಹೇಗೋ ಹಿಡಿದಿಟ್ಟುಕೊಂಡಿರುವ ಅಡ್ಮಿಷನ್ ರಿಜಿಸ್ಟರ್ ಮಹಾಶಯರು, ಲಂಡನ್ನಿನ ಕಾನೂನಿನ ಮಾತೆತ್ತಿದೊಡನೆ ಧೂಳು ಕೊಡವಿಕೊಂಡು ಸಂಭಾಷಣೆಗೆ ಅಣಿಯಾದರು.

ಸಂದರ್ಶಕ: ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ಜಾಲತಾಣಗಳು ಬಂದವರ ವಯಸ್ಸನ್ನು ಮುಖದಿಂದಲೋ ಗುರುತಿನ ಚೀಟಿಯಿಂದಲೋ ನಿಶ್ಚಯಿಸಿಕೊಳ್ಳಬೇಕಾಗಿದೆ. ಆಸ್ಟ್ರೇಲಿಯಾ ಅದೇ ವರ್ಷದ ಡಿಸೆಂಬರ್ 10ರಿಂದ ಹದಿನಾರು ತುಂಬದವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿತು. ವಯೋನಿರ್ಣಯದಲ್ಲಿಯೇ ವೃದ್ಧರಾದ ತಮ್ಮ ಅಭಿಪ್ರಾಯ?

ವಹಿ: ಮೈ ನೋಡಿ ವಯಸ್ಸು ಹೇಳುವ ವಿದ್ಯೆ ನಮಗೆ ಹೊಸತಲ್ಲ. ಜನನಪತ್ರವನ್ನು ಕಂಡರಿಯದ ತಂದೆ, ‘ಮಾರಿಹಬ್ಬದ ಹಿಂದಿನ ಮಳೆಗಾಲದಲ್ಲಿ ಹುಟ್ಟಿದ್ದು ಮೇಷ್ಟ್ರೇ’ ಎಂದು ಹುಡುಗನನ್ನು ಮುಂದಕ್ಕೆ ನೂಕಿದರೆ, ಮೇಷ್ಟ್ರು ಅವನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸಿ, ಮುಟ್ಟಿದವನಿಗೆ ಆರು ತುಂಬಿತೆಂದು ಬಗೆದು, ಶಾಲೆ ತೆರೆಯುವ ಜೂನ್ 1ನ್ನೇ ಜನ್ಮದಿನವೆಂದು ನನ್ನಲ್ಲಿ ಬರೆದುಬಿಡುತ್ತಿದ್ದರು. ಕೈ ಕೆಳಗಿಳಿದ ಮೇಲೆ ಆ ಕಿವಿಯ ಚಿತ್ರ ಯಾರ ಬಳಿಯೂ ಉಳಿಯುತ್ತಿರಲಿಲ್ಲ.

ಸಂದರ್ಶಕ: ಅರ್ಧ ತಾಲ್ಲೂಕು ಒಂದೇ ದಿನ ಹುಟ್ಟಿತೆನ್ನಿ!

ವಹಿ: ನೌಕರಿ ಸಿಕ್ಕವರು ಮೇ 31ರಂದು ಒಟ್ಟಿಗೇ ನಿವೃತ್ತರೂ ಆದರು. ಸರ್ಕಾರ ಒಪ್ಪಿದ ಸುಳ್ಳಿಗೆ ಪಿಂಚಣಿಯುಂಟು.

ಸಂದರ್ಶಕ: ಪರದೇಶದ ಕಾನೂನು ನ್ಯಾಮತಿಯ ತರುಣನನ್ನು ಬಾಧಿಸುವುದು ಹೇಗೆ?

ವಹಿ: ಶಿವಮೊಗ್ಗ ಜಿಲ್ಲೆಯವನಾಗಿದ್ದ ನಾನು ಬೀರುವಿನಿಂದ ಕದಲದೆಯೇ 1997ರಲ್ಲಿ ದಾವಣಗೆರೆ ಜಿಲ್ಲೆಯವನಾದೆನು, ಅನಂತರ ಹೊನ್ನಾಳಿಯಿಂದ ಒಡೆದ ನ್ಯಾಮತಿ ತಾಲ್ಲೂಕಿಗೂ ಸಂದೆನು, ಆದರೆ ಆ ಆಜ್ಞೆಗಳನ್ನು ಹೊರಡಿಸಿದವರಿಗೆ ನಮ್ಮ ಊರಿನವರು ಮತವನ್ನಾದರೂ ಹಾಕಿದ್ದರು. ಈಗಲೋ, ದೇಶಕ್ಕೊಂದು ಬಾಗಿಲನ್ನಿಡುವುದಕ್ಕಿಂತ ಎಲ್ಲರಿಗೂ ಒಂದೇ ಬೀಗ ಹಾಕುವುದು ಕಂಪನಿಗೆ ಸುಲಭ. ರೋಬ್ಲಾಕ್ಸ್ ಎಂಬ ಆಟದವರು 2026ರ ಜನವರಿಯಲ್ಲಿ, ಜೊತೆ ಆಟಗಾರರೊಡನೆ ಹರಟಬೇಕಾದರೆ ಮುಖ ತೋರಿಸೆಂಬ ನಿಯಮವನ್ನು ಲೋಕಕ್ಕೆಲ್ಲ ವಿಸ್ತರಿಸಿದರು. ಚಿತ್ರವನ್ನು ಅಳಿಸುತ್ತೇವೆನ್ನುತ್ತಾರೆ, ಅನ್ನಲಿ. ವಯಸ್ಸಿನ ತಕರಾರಿಗೆಂದು ಕಳುಹಿಸಿದ ಚೀಟಿಗಳೂ ಸೇರಿ ಸುಮಾರು 70,000 ಬಳಕೆದಾರರ ಗುರುತಿನ ಚಿತ್ರಗಳು ಹೊರಗಿನ ಗುತ್ತಿಗೆದಾರನ ಕಡೆಯಿಂದ ಸೋರಿರಬಹುದೆಂದು ಡಿಸ್ಕಾರ್ಡ್ ಸಂಸ್ಥೆ 2025ರ ಅಕ್ಟೋಬರಿನಲ್ಲಿ ತಾನೇ ಒಪ್ಪಿಕೊಂಡಿತಷ್ಟೆ.

ಸಂದರ್ಶಕ: ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಾಗಿದೆಯಲ್ಲ?

ವಹಿ: ಆ ಕವಚ ಮುಖ್ಯವಾಗಿ ಸರ್ಕಾರದ ಕೈಗೆ ಅಡ್ಡ; ಸಮುದ್ರದಾಚೆಯ ಕಂಪನಿಯ ಹೊಸ್ತಿಲಿಗೆ ಅದನ್ನು ಹೊತ್ತೊಯ್ಯುವವರಾರು? ನಮ್ಮದೇ 2023ರ ದತ್ತಾಂಶ ಕಾಯಿದೆಯೂ ಹದಿನೆಂಟು ತುಂಬದವರಿಗೆಲ್ಲ ಪೋಷಕರ ಪರಿಶೀಲಿತ ಸಮ್ಮತಿ ಬೇಕೆನ್ನುತ್ತದೆ. ಮಗು ಯಾರೆಂದು ತಿಳಿಯಬೇಕಾದರೆ ಮಗುವಲ್ಲದವನೂ ತಾನು ಮಗುವಲ್ಲವೆಂದು ಸಾಧಿಸಬೇಕಾಗುವುದು. ಎಪ್ಪತ್ತರ ಅಜ್ಜನೂ ಕಿವಿ ಮುಟ್ಟಿ ತೋರಿಸಬೇಕು.

ಸಂದರ್ಶಕ: ಹಾಗಾದರೆ ಮಕ್ಕಳ ರಕ್ಷಣೆ ಬೇಡವೆ?

ವಹಿ: ಬೇಡವೆಂದೆನೆ? ‘ತುಂಬಿದೆ’ ಅಥವಾ ‘ತುಂಬಿಲ್ಲ’ ಎಂಬ ಒಂದು ಮಾತು ಸಾಕಾಗುವಲ್ಲಿ ಹೆಸರು, ಮುಖ, ಜನ್ಮಸ್ಥಳಗಳನ್ನೆಲ್ಲ ಏಕೆ ಬಾಚಿಕೊಳ್ಳಬೇಕೆಂಬುದಷ್ಟೇ ನನ್ನ ಪ್ರಶ್ನೆ.

ಸಂದರ್ಶಕ: ಓದುಗರಿಗಾಗಿ ತಮ್ಮದೊಂದು ಪುಟದ ಫೋಟೋ ತೆಗೆದುಕೊಳ್ಳಲೆ?

ವಹಿ: ಅರ್ಜಿ ಎಲ್ಲಿ? ಮುಖ್ಯೋಪಾಧ್ಯಾಯರ ರುಜು ಎಲ್ಲಿ?