ಶ್ವಾನಾಶ್ರು ಮೀಮಾಂಸೆ

ಅಶ್ರುವನ್ನು ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳ ಪೈಕಿ ಎಣಿಸಿದ್ದಾನೆ. ಆದರೆ ಶಿಟ್ಜು, ಮಾಲ್ಟೀಸ್, ಪೊಮೆರೇನಿಯನ್ ಮುಂತಾದ ಮಡಿಲುಜೀವಿಗಳು ಯಾವ ಸ್ಥಾಯಿಭಾವವೂ ಇಲ್ಲದೆ ಬೆಳಗಿನಿಂದ ಸಂಜೆವರೆಗೆ ಕಣ್ಣೀರು ಸುರಿಸುವ ವಿಚಾರದಲ್ಲಿ ಮುನಿಯದು ಮೌನ. ಆ ಲೋಪ ತುಂಬಲು ಈ ಪ್ರಬಂಧ.

ಪೂರ್ವಪಕ್ಷಗಳು ಮೂರು. ಅಜ್ಜಿಯ ಸಂಪ್ರದಾಯದಂತೆ ಇದು ದೃಷ್ಟಿ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಬೇಕು. ಘಾಟು ಬಾರದಿದ್ದರೆ ದೃಷ್ಟಿ ಸಿದ್ಧ. ಬಂದರೆ ಮನೆಮಂದಿಯ ಕಣ್ಣೀರೂ ನಾಯಿಯದರೊಡನೆ ಸೇರಿ ಪ್ರಮಾಣವೇ ಕಲಸಿಹೋಗುತ್ತದೆ. ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ ಪ್ರಚಲಿತವಿರುವ ಮತದ ಪ್ರಕಾರ ಇದು ವಿಪ್ರಲಂಭ: “ಪಾಪ, ಯಜಮಾನ್ರು ಆಫೀಸಿಗೆ ಹೋದ್ರು ಅಂತ ಅಳ್ತಿದೆ.” ಯಜಮಾನರು ಮನೆಯಲ್ಲೇ ಕೂತು ಕೆಲಸ ಮಾಡುವವರೆಂಬುದರಿಂದ ಈ ಮತ ಕಿಂಚಿತ್ತೂ ಅಲುಗಿಲ್ಲ. ಮೂರನೆಯದು ಭಾವಮೈದುನ ಸಂಪ್ರದಾಯ. ಅದರ ಖಂಡನೆ ಕೊನೆಗೆ.

ಸಿದ್ಧಾಂತ. ಕಣ್ಣಿನ ಒಳಮೂಲೆಯಲ್ಲಿ ಮೇಲೊಂದು, ಕೆಳಗೊಂದು ಸಣ್ಣ ರಂಧ್ರ. ಅಲ್ಲಿಂದ ಮೂಗಿಗೊಂದು ನಾಳ. ಸಕಲ ಶ್ವಾನಗಳ ಕಣ್ಣೀರೂ ಗುಟ್ಟಾಗಿ ಇಳಿದುಹೋಗುವುದು ಈ ದಾರಿಯಲ್ಲೇ. ಚಪ್ಪಟೆ ಮೂತಿಯ ತಳಿಗಳಲ್ಲಿ ಕಣ್ಣುಗುಳಿಗೆ ಆಳವಿಲ್ಲ, ನಾಳ ಸೊಟ್ಟ, ಮೂಗಿನ ಮೇಲಿನ ಕೂದಲು ದೀಪದ ಬತ್ತಿಯಂತೆ ನೀರನ್ನು ಹೊರಗೆಳೆಯುತ್ತದೆ. ರೆಪ್ಪೆ ಒಳಕ್ಕೆ ಮಡಚಿಕೊಂಡರೂ, ಅದರಂಚಿನಲ್ಲಿ ಅಡ್ಡಾದಿಡ್ಡಿ ಕೂದಲು ಹುಟ್ಟಿ ಉಜ್ಜಿದರೂ, ಅಲರ್ಜಿಯಾದರೂ ನೀರೇ ಹೆಚ್ಚು. ಇನ್ನು ಕೆನ್ನೆಯ ಮೇಲಿನ ಕಂದುಗೆರೆ. ಅದು ಭರತನ ವೈವರ್ಣ್ಯವಲ್ಲ, ಪಾರ್ಫಿರಿನ್: ಹಿಮೋಗ್ಲೋಬಿನ್ ಒಡೆದಾಗ ಹುಟ್ಟಿ ಕಣ್ಣೀರಿಗಿಳಿಯುವ ವಸ್ತು. ಕರಿನಾಯಿಗೂ ಉಂಟು, ಬಣ್ಣ ಕಾಪಾಡಿದೆ, ಅಷ್ಟೆ. ಈ ಕಲೆ ಹೋಗಲೆಂದು ಮಾರುತ್ತಿದ್ದ ಕೆಲವು ಪುಡಿಗಳಲ್ಲಿ ಟೈಲೋಸಿನ್ ಎಂಬ ಆಂಟಿಬಯೋಟಿಕ್ ಇದೆ, ಈ ಬಳಕೆಗೆ ಅದಕ್ಕೆ ಅನುಮತಿಯಿಲ್ಲ ಎಂದು ಅಮೆರಿಕದ ಎಫ್‌ಡಿಎ 2014ರಲ್ಲಿ ತಯಾರಕರಿಗೆ ಎಚ್ಚರಿಕೆ ಪತ್ರ ಬರೆಯಿತು. ಸೌಂದರ್ಯಮೀಮಾಂಸೆಗೆ ಔಷಧ ನಿಯಂತ್ರಕರು ಭಾಷ್ಯ ಬರೆದದ್ದು ಅಪರೂಪ.

ನೀರು ತಿಳಿಯಾಗಿದ್ದು, ಕಣ್ಣು ಪೂರ್ತಿ ತೆರೆದಿದ್ದು, ನಾಯಿ ಉಂಡು ಕುಣಿಯುತ್ತಿದ್ದರೆ ಒದ್ದೆ ಹತ್ತಿಯಿಂದ ಒರೆಸಿ, ಒಣಗಿಸಿ, ಬಿಡುವು ಮಾಡಿಕೊಂಡು ತೋರಿಸಿದರಾದೀತು. ಕಣ್ಣು ಕಿರಿದಾಗಿಸುತ್ತಿದ್ದರೆ, ಪಂಜದಿಂದ ಉಜ್ಜುತ್ತಿದ್ದರೆ, ಕೆಂಪಾದರೆ, ಹಳದಿ ಹಸಿರು ಗೀಜು ಬಂದರೆ, ಮಬ್ಬು ಕವಿದರೆ ಶಾಸ್ತ್ರಾರ್ಥ ನಿಲ್ಲಿಸಿ ಅಂದೇ ಪಶುವೈದ್ಯರ ಬಳಿ ನಡೆಯಿರಿ. ಬೀದಿಜಗಳದಲ್ಲಿ ಶಿಟ್ಜುವಿನ ಕಣ್ಣುಗುಡ್ಡೆಯೇ ಹೊರಬಂದರೆ ಒದ್ದೆ ಬಟ್ಟೆ ಮುಚ್ಚಿಕೊಂಡು ಆ ಕ್ಷಣವೇ ಓಡಬೇಕು.

ವೈದ್ಯರು ರೆಪ್ಪೆಯೊಳಗೆ ಒಂದು ನಿಮಿಷ ಕಾಗದದ ಪಟ್ಟಿ ಇಡುತ್ತಾರೆ. ಅದು 15 ಮಿಲಿಮೀಟರ್ ಒದ್ದೆಯಾದರೆ ಕಣ್ಣೀರಿಗೆ ಕೊರತೆಯಿಲ್ಲ. ಗೀಜು ಸುರಿಸುವ ಕಣ್ಣು ಒಣಗಣ್ಣೂ ಆಗಿರಬಹುದೆಂಬ ವಿರೋಧಾಭಾಸ ಅಲಂಕಾರ ಇಲ್ಲಿ ಬಯಲಾಗುತ್ತದೆ. ಆಮೇಲೆ ಬಣ್ಣದ ಹನಿ: ಕಾರ್ನಿಯಾದಲ್ಲಿ ಹುಣ್ಣಿದ್ದರೆ ಹಸಿರಾಗಿ ಹೊಳೆಯುತ್ತದೆ, ನಾಳ ತೆರೆದಿದ್ದರೆ ಮೂಗಿನಿಂದಲೂ ಹಸಿರು ಇಳಿಯಬಹುದು.

ಈಗ ಭಾವಮೈದುನ ಸಂಪ್ರದಾಯ. “ನನ್ನ ಕಣ್ಣಿಗೆ ಕೊಟ್ಟಿದ್ದ ಡ್ರಾಪ್ಸ್ ಅರ್ಧ ಉಳಿದಿದೆ ಭಾವ, ಸುಮ್ನೆ ಯಾಕೆ ದುಡ್ಡು ದಂಡ?” ಅದರಲ್ಲಿ ಸ್ಟಿರಾಯ್ಡ್ ಇದ್ದು ನಾಯಿಗೆ ಹುಣ್ಣಾಗಿದ್ದರೆ, ಹುಣ್ಣು ಆಳಕ್ಕಿಳಿದು ಕಾರ್ನಿಯಾ ತೂತಾದೀತು. ಔಷಧಕ್ಕೆ ನಾಯಿ, ಮನುಷ್ಯ ಅಂತ ಭೇದ ಗೊತ್ತಾಗುತ್ತದೆಯೇ ಎಂಬುದು ಅವರ ಪ್ರತಿವಾದ. ಬಾಟಲಿಯನ್ನು ವಶಪಡಿಸಿಕೊಳ್ಳಲಾಗಿದೆ, ವಾದ ಮುಂದುವರಿದಿದೆ.